ಮಕ್ಕಳು ಆಡುವ ಅಂಗಳಕ್ಕೆ ಕರಿಕೆ



ಈ ಸಲದ ಪಾಠ ಜೋಳ ತೊಗರಿಯದಲ್ಲ, ಸೋಯಾಬೀನಿನದೂ ಅಲ್ಲ. ನಮ್ಮ ಶಾಲೆ ಅಂಗನವಾಡಿಗಳ ಮುಂದಿನ ಬಯಲಿನದು, ಮನೆಯ ಹಿತ್ತಲಿನದು. 1993ರ ಕಿಲ್ಲಾರಿ ಭೂಕಂಪದ ತರುವಾಯ ಹೊಸದಾಗಿ ಕಟ್ಟಿದ ಊರುಗಳಲ್ಲಂತೂ ಇಂಥ ಬಯಲು ಬೇಕಾದಷ್ಟಿದೆ. ಅದರಲ್ಲಿ ಬೆಳೆಯುವ ಬೆಳೆ ನಮ್ಮ ಮಕ್ಕಳೇ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಆಗಸ್ಟ್ 15 ಸಮೀಪಿಸಿತ್ತು. ಶಾಲೆಯ ಬಯಲಲ್ಲಿ ಮೊಣಕಾಲುದ್ದ ಕಸ. ಆಳು ಸಿಗಲಿಲ್ಲ. ಹೊಲಕ್ಕೆ ತಂದ ಕಳೆನಾಶಕ ಮನೆಯಲ್ಲಿ ಉಳಿದಿತ್ತು. ಭಾನುವಾರ ಪಂಪು ಹೊತ್ತು ನಾನೇ ಹೊಡೆದೆ. ಧ್ವಜವಂದನೆಯ ಹೊತ್ತಿಗೆ ಕಸವೆಲ್ಲ ಹಳದಿಯಾಗಿತ್ತು. ಬಂದವರು ಭೇಷ್ ಅಂದರು. ಅಷ್ಟರಲ್ಲಿ ಸಾಲಿನಲ್ಲಿ ಕುಳಿತ ಅಂಗನವಾಡಿಯ ಒಂದು ಕೂಸು ಆ ಹಳದಿ ಹುಲ್ಲನ್ನು ಕಿತ್ತು ಬಾಯಿಗಿಟ್ಟುಕೊಂಡಿತು. ಓಡಿಹೋಗಿ ಬೆರಳು ಹಾಕಿ ತೆಗೆದೆ. ದೇವರ ದಯ, ಏನೂ ಆಗಲಿಲ್ಲ. ಆದರೆ ಅದರ ಅಜ್ಜಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಗುರೂಜಿ, ಎಣ್ಣಿ ಹೊಡದ ಮೇವು ನಿಮ್ಮ ಎಮ್ಮಿಗಿ ಹಾಕ್ತೀರೇನ್ರಿ?” ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಕಲಿತದ್ದನ್ನು ಕೆಳಗೆ ಬರೆದಿದ್ದೇನೆ.

ಮಕ್ಕಳಿಗೇ ಹೆಚ್ಚು ಅಪಾಯವೇಕೆ?

ಇದು ಸಾದಾ ಲೆಕ್ಕ. ದೊಡ್ಡವನ ತೂಕ 60 ಕಿಲೋ, ಕೂಸಿನದು 15 ಕಿಲೋ ಎಂದು ಹಿಡಿಯಿರಿ. ಒಂದೇ ಹನಿ ವಿಷ ಇಬ್ಬರ ಮೈಗೂ ಸೇರಿದರೆ ಕೂಸಿಗೆ ತೂಕದ ಮಾನದಿಂದ ನಾಲ್ಕು ಪಟ್ಟು ಬೀಳುತ್ತದೆ. ಮೇಲಾಗಿ ಮಕ್ಕಳು ನೆಲದ ಮೇಲೆ ಕೂಡುತ್ತಾರೆ, ಬರಿಗಾಲಲ್ಲಿ ಓಡುತ್ತಾರೆ, ಕೈಯನ್ನು ಬಾಯಿಗೆ ಹಾಕುತ್ತಾರೆ. ಹೊಲಗಳಲ್ಲಿ ಬಹಳವಾಗಿ ಬಳಕೆಯಾದ ಗ್ಲೈಫೊಸೇಟ್ ಎಂಬ ಕಳೆನಾಶಕವು ಮನುಷ್ಯನಿಗೆ ಬಹುಶಃ ಕ್ಯಾನ್ಸರ್ ತರಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ತರಬೇತಾದ ಕೀಟನಿಯಂತ್ರಕರ ಹೊರತು ಬೇರಾರೂ ಅದನ್ನು ಹೊಡೆಯಬಾರದೆಂದು 2022ರಲ್ಲಿ ಕೇಂದ್ರ ಸರಕಾರ ಆದೇಶ ಹೊರಡಿಸಿತು. ಹೊಲದ ಮಾತು ಹೇಗೇ ಇರಲಿ, ಮಕ್ಕಳ ಬಯಲಿಗೆ ಇಂಥದು ಬೇಡವೇ ಬೇಡ.

ಕರಿಕೆಯೇ ಏಕೆ?

ಬರಿ ನೆಲವನ್ನು ಬಿಟ್ಟರೆ ಕಸ ಬಂದೇ ಬರುತ್ತದೆ. ನಾವು ಒಳ್ಳೆಯ ಹುಲ್ಲನ್ನು ಹೊದಿಸದಿದ್ದರೆ ನೆಲ ತಾನೇ ಕೆಟ್ಟದ್ದನ್ನು ಹೊದ್ದುಕೊಳ್ಳುತ್ತದೆ. ನಗುವವರು ನಗಲಿ, ನಮಗೆ ತಕ್ಕ ಹುಲ್ಲು ಕರಿಕೆಯೇ. ಮರಾಠಿಯಲ್ಲಿ ಹರಳಿ ಎನ್ನುವುದು ಇದಕ್ಕೇ. ಹೊಲದಲ್ಲಿ ಅದು ವೈರಿ. ಅದನ್ನು ಕಿತ್ತು ಕಿತ್ತು ನಮ್ಮ ಸೊಂಟ ಬಿದ್ದಿದೆ. ಆದರೆ ಅಲ್ಲಿ ಅದನ್ನು ವೈರಿಯಾಗಿಸಿದ ಗುಣವೇ ಅಂಗಳದಲ್ಲಿ ಮಿತ್ರನನ್ನಾಗಿಸುತ್ತದೆ: ತುಳಿದರೂ ಸಾಯದು, ಬೇಸಿಗೆಯಲ್ಲಿ ಮೇಲೆ ಒಣಗಿದರೂ ಕೆಳಗೆ ಬೇರು ಬದುಕಿರುತ್ತದೆ, ಮೊದಲ ಮಳೆಗೆ ಚಿಗುರುತ್ತದೆ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ರೈಲಿನಲ್ಲಿ ಲಾತೂರಿಗೆ ಕುಡಿಯುವ ನೀರು ತರಿಸಬೇಕಾಯಿತು. ಇಂಥ ಸೀಮೆಯಲ್ಲಿ ಹುಲ್ಲಿಗೆಂದು ನೀರು ಬಿಡುವುದು ಪಾಪ. ಮಕ್ಕಳು ಊಟವಾದ ಮೇಲೆ ಕೈತೊಳೆದ ನೀರಷ್ಟೇ ಹರಿಯಲಿ.

ನೆಡುವ ಕ್ರಮ

1. ರೋಹಿಣಿ ಮಳೆಗೆ ಮೊದಲು ಗಾಜು, ಕಲ್ಲು, ತಗಡಿನ ಚೂರು ಆರಿಸಿ ತೆಗೆಯಿರಿ. ನೀರು ನಿಲ್ಲದಂತೆ ನೆಲವನ್ನು ಸಮಮಾಡಿ. ಎರೆಮಣ್ಣು ಬಹಳ ಜಿಗುಟಾಗಿದ್ದರೆ ತೆಳ್ಳಗೆ ಮರಳು ಬೆರೆಸಿ.

2. ಒಂದು ಗುಂಟೆಗೆ, ಅಂದರೆ 33 ಅಡಿ ಉದ್ದ 33 ಅಡಿ ಅಗಲದ ಜಾಗಕ್ಕೆ, ಜರಡಿ ಹಿಡಿದ ಇಪ್ಪತ್ತು ಬುಟ್ಟಿ ತಿಪ್ಪೆಗೊಬ್ಬರ ಸಾಕು. ಗೊಬ್ಬರ ಪೂರಾ ಕಳಿತು ಮಣ್ಣಿನ ವಾಸನೆ ಬರುವಂತಿರಬೇಕು. ಹಸಿ ಸಗಣಿ ಹಾಕಬಾರದು. ಅದರಲ್ಲಿ ರೋಗಾಣುಗಳಿರುತ್ತವೆ, ಬರಿಗಾಲಿನ ಗಾಯಕ್ಕೆ ಧನುರ್ವಾಯುವಿನ ಭಯವುಂಟು. ಮಕ್ಕಳಿಗೆ ಧನುರ್ವಾಯು ಲಸಿಕೆ ಆಗಿದೆಯೋ ಎಂದು ತಾಯಂದಿರು ನೋಡಿಕೊಳ್ಳಬೇಕು.

3. ಮೃಗಶಿರಾ ಮಳೆ ಹಿಡಿದೊಡನೆ, ಎಂದೂ ಎಣ್ಣೆ ಹೊಡೆಯದ ಬದುವಿನಿಂದ ಕರಿಕೆ ಕಿತ್ತು ತನ್ನಿ. ಎರಡು ಮೂರು ಗೆಣ್ಣುಳ್ಳ ತುಂಡು ಮಾಡಿ, ಗೇಣಿಗೊಂದರಂತೆ ಊರಿ ಕಾಲಿನಿಂದ ಒತ್ತಿ.

4. ಒಂದೂವರೆ ಎರಡು ತಿಂಗಳು ಕುರಿ, ಆಡು, ದನ ನುಗ್ಗದಂತೆ ಬೇಲಿಯಿರಲಿ. ಮಳೆ ಅನುಕೂಲವಾದರೆ ಗಣೇಶ ಚೌತಿಯ ಸುಮಾರಿಗೆ ನೆಲ ಮುಚ್ಚುತ್ತದೆ.

5. ಆಮೇಲೆ ಕುಡಗೋಲಿನಿಂದ ಎರಡು ಮೂರು ಬೆರಳೆತ್ತರಕ್ಕೆ ಕೊಯ್ಯುತ್ತಿರಿ. ಹುಲ್ಲು ಗಿಡ್ಡವಿದ್ದರೆ ಹಾವು ಚೇಳು ಕಣ್ಣಿಗೆ ಬೀಳುತ್ತವೆ. ಕೊಯ್ದದ್ದು ಆಡಿಗೆ ಮೇವು. ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಎಮ್ಮೆಗೆ ನಿಶ್ಚಿಂತೆಯಿಂದ ಹಾಕಬಹುದಾದ ಹುಲ್ಲಿನ ಮೇಲೆಯೇ ಮಕ್ಕಳನ್ನು ಆಡಬಿಡಬೇಕು.

6. ಕರಿಕೆ ಪಕ್ಕದ ಹೊಲಕ್ಕೆ ದಾಟದಂತೆ ಅಂಚಿನಲ್ಲಿ ಒಂದು ಗೇಣು ಆಳದ ಕಾಲುವೆ ತೆಗೆದು, ದಾಟಲು ಬಂದ ಬಳ್ಳಿಯನ್ನು ಕತ್ತರಿಸುತ್ತಿರಿ.

ಕಾಂಗ್ರೆಸ್ ಕಸ ಮತ್ತು ಮುಳ್ಳು

ಮರಾಠಿಯಲ್ಲಿ ಗಾಜರ ಗವತ ಎನ್ನುವ ಈ ಕಸವನ್ನು ನಮ್ಮ ದೇಶದಲ್ಲಿ ಪುಣೆಯಲ್ಲಿ ಗುರುತಿಸಿದ್ದು 1955ರ ಸುಮಾರಿಗೆ. ಇಂದು ಅದಿಲ್ಲದ ಊರಿಲ್ಲ. ಸೋಂಕಿದರೆ ಕೆಲವರಿಗೆ ತುರಿಕೆ ಹತ್ತುತ್ತದೆ. ಹೂವಿನ ಪುಡಿಯಿಂದ ಸೀನು, ಉಬ್ಬಸ ಬರುತ್ತದೆ. ಶ್ರಮದಾನವೆಂದು ಶಾಲೆಯ ಮಕ್ಕಳಿಂದ ಇದನ್ನು ಕೀಳಿಸುವ ರೂಢಿಯುಂಟು. ಶಿಕ್ಷಕ ಬಂಧುಗಳೇ, ದಯವಿಟ್ಟು ಇದನ್ನು ನಿಲ್ಲಿಸಿರಿ. ನೆಲ ಹಸಿಯಿರುವಾಗ, ಹೂವು ಬಿಡುವ ಮೊದಲು, ದೊಡ್ಡವರು ಕೈಗೆ ಚೀಲ ಸುತ್ತಿ, ಮೂಗಿಗೆ ಬಟ್ಟೆ ಕಟ್ಟಿ, ಬೇರುಸಹಿತ ಕೀಳಬೇಕು. ಒಂದು ಗಿಡದಿಂದ ಸಾವಿರಾರು ಬೀಜ ಉದುರುವುದರಿಂದ, ಹೂವಾದ ಮೇಲೆ ಕಿತ್ತರೆ ಬೀಜ ಬಿತ್ತಿದ ಹಾಗೆ. ಬಿಳಿ ಬೆನ್ನಿನ ಮೇಲೆ ಕಪ್ಪು ಗೆರೆಯಿರುವ ಸಣ್ಣ ಜೀರುಂಡೆ ಅದರ ಎಲೆ ತಿನ್ನುತ್ತಿದ್ದರೆ ಕೊಲ್ಲಬೇಡಿ. ಮೆಕ್ಸಿಕೋ ದೇಶದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮಿತ್ರಕೀಟವದು.

ನೆಗ್ಗಿನ ಮುಳ್ಳನ್ನು ಹಳದಿ ಹೂವು ಕಂಡ ದಿನವೇ ಕಿತ್ತುಬಿಡಿ. ದತ್ತೂರಿ, ಕಣಗಿಲ, ಔಡಲ, ಕಾಡೌಡಲ ಇವು ಬಯಲಿನ ಬೇಲಿಯಲ್ಲಿರಬಾರದು. ಕಾಯಿ ಬೀಜಗಳನ್ನು ಬಾದಾಮಿಯೆಂದು ಮಕ್ಕಳು ತಿನ್ನುವುದುಂಟು.

ಸಾವಯವವೆಲ್ಲ ನಿರಪಾಯವಲ್ಲ

ಗಿಡದಿಂದ ಬಂದದ್ದು ಏನೂ ಮಾಡದು ಎಂಬ ನಂಬಿಕೆ ತಪ್ಪು. ಹೊಗೆಸೊಪ್ಪಿನ ಕಷಾಯ ಚರ್ಮದ ಮೂಲಕವೂ ಮೈಗೇರುವ ವಿಷ. ಬೇವಿನ ಎಣ್ಣೆಯನ್ನು ಕೂಸು ಕುಡಿದರೆ ಪ್ರಾಣಕ್ಕೇ ಸಂಚಕಾರ. ಉಪ್ಪು ಸುರಿದರೆ ಕಸವೂ ಸಾಯುತ್ತದೆ, ಎರೆಮಣ್ಣೂ ಕೆಡುತ್ತದೆ. ಇರುವೆ ಗೂಡಿಗೆ, ಸಂದಿನ ಕಸಕ್ಕೆ, ಮಕ್ಕಳು ಮನೆಗೆ ಹೋದ ಮೇಲೆ ಕುದಿಯುವ ನೀರು ಹೊಯ್ದರೆ ಸಾಕು.

ಡಬ್ಬಿಯ ಮಾತು

ಕೊನೆಗೊಂದು ಮಾತು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿತ್ತು. ವಿಷದ ಡಬ್ಬಿ, ಪಂಪು ಯಾವುದೂ ಶಾಲೆಯ ಹೊಸ್ತಿಲು ದಾಟಬಾರದು. ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿಗೆ, ಎಣ್ಣೆಗೆ, ಶೌಚಕ್ಕೆ ಬಳಸಬಾರದು. ಮಗು ವಿಷ ಮುಟ್ಟಿದರೆ ಬಟ್ಟೆ ಬಿಚ್ಚಿ ಸಾಬೂನಿನಿಂದ ತೊಳೆಯಿರಿ. ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸದೆ, ಡಬ್ಬಿಯ ಚೀಟಿ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಈಗ ನಮ್ಮ ಬಯಲಿನ ಕಸ ತೆಗೆಯಲು ಪಾಲಕರು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ತಾಸು ಕುರಪಿ ಹಿಡಿದು ಬರುತ್ತಾರೆ. ಪಂಪಿಗಿಂತ ಇದು ನಿಧಾನದ ಕೆಲಸ, ನಿಜ. ಆದರೆ ಕೂಸು ಹುಲ್ಲು ಕಿತ್ತು ಬಾಯಿಗಿಟ್ಟರೆ ಈಗ ನಾನು ಓಡಬೇಕಾಗಿಲ್ಲ.