ಪಿತ್ತಗಂಧೆ ಎದ್ದಾಗ ಯಾವ ಸೋಪು?

ಮಕ್ಕಳೇ, ಮೈಮೇಲೆ ಇದ್ದಕ್ಕಿದ್ದಂತೆ ದದ್ದುಗಳೆದ್ದು ವಿಪರೀತ ತುರಿಸುವುದನ್ನು ನೀವು ನೋಡಿರಬಹುದು. ಇದೇ ಪಿತ್ತಗಂಧೆ. ಹೆಸರಿನಲ್ಲಿ ಪಿತ್ತವಿದ್ದರೂ ಯಕೃತ್ತು ಸ್ರವಿಸುವ ಪಿತ್ತರಸ ಇದಕ್ಕೆ ಕಾರಣವಲ್ಲ. ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಆಗ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಜಿನುಗಿ ಚರ್ಮ ಉಬ್ಬುತ್ತದೆ. ಒಂದೊಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯವಾಗುತ್ತದೆ.

ಸೋಂಕು, ಆಹಾರ, ಔಷಧಿ, ಕೀಟದ ಕಡಿತ ಹೀಗೆ ಇದಕ್ಕೆ ಕಾರಣಗಳು ಹಲವು. ಎಷ್ಟೋ ಸಲ ಕಾರಣ ತಿಳಿಯುವುದೇ ಇಲ್ಲ. ಸೋಪಿನಿಂದಲೇ ಗಂಧೆ ಏಳುವುದು ಕಡಿಮೆ. ಆದರೆ ತಪ್ಪು ಸೋಪು ತುರಿಕೆಯನ್ನು ಹೆಚ್ಚಿಸಬಲ್ಲದು. ಹೇಗೆ ಗೊತ್ತೇ?

ಪಿಎಚ್ ಮಾನಕದಲ್ಲಿ 7ಕ್ಕಿಂತ ಕಡಿಮೆ ಇದ್ದರೆ ಆಮ್ಲೀಯ, ಹೆಚ್ಚಿದ್ದರೆ ಪ್ರತ್ಯಾಮ್ಲೀಯ. ನಮ್ಮ ಚರ್ಮದ ಮೇಲ್ಮೈ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10. ಇಂಥ ಸೋಪು ಕೊಳೆಯ ಜೊತೆಗೆ ಚರ್ಮದ ಎಣ್ಣೆಯ ಅಂಶವನ್ನೂ ತೊಳೆದುಬಿಡುತ್ತದೆ. ಚರ್ಮ ಒಣಗಿದರೆ ತುರಿಕೆ ಹೆಚ್ಚುತ್ತದೆ.

ಮಾಡಿ ನೋಡಿ

ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಸವರಿ ಒಣಗಿಸಿ. ಬೇರೆ ಬೇರೆ ಸೋಪುಗಳ ದ್ರಾವಣವನ್ನು ಅದರ ಮೇಲೆ ಒಂದೊಂದು ಹನಿ ಹಾಕಿ. ಕಾಗದ ಕೆಂಪಾದರೆ ಆ ಸೋಪು ಪ್ರತ್ಯಾಮ್ಲೀಯ. ಹೊದಿಕೆಯ ಮೇಲೆ ಮಗುವಿನ ಚಿತ್ರವೋ ಬೇವಿನ ಎಲೆಯೋ ಇರಬಹುದು. ಕಾಗದ ಮಾತ್ರ ನಿಜವನ್ನೇ ಹೇಳುತ್ತದೆ!

ಆದರೆ ಸೋಪಿಗೆ ಸೇರಿಸಿದ ಸುಗಂಧವನ್ನು ಈ ಪರೀಕ್ಷೆ ತೋರಿಸಲಾರದು. ಸುಗಂಧವೂ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಆದ್ದರಿಂದ ಹೊದಿಕೆಯ ಮೇಲಿನ ಘಟಕಗಳ ಪಟ್ಟಿಯನ್ನೂ ಓದಿ. ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಎಂದಿದ್ದರೆ ಅದು ಬೇಡ.

ಗಂಧೆ ಎದ್ದಾಗ ಸ್ನಾನ ಹೀಗಿರಲಿ

1. ಸುಗಂಧ, ಬಣ್ಣ ಇಲ್ಲದ ಸೌಮ್ಯ ಸೋಪನ್ನು ಬಳಸಿ. ಅದು ಸಿಗದಿದ್ದರೆ ಬರೀ ನೀರು ಸಾಕು. ಕಂಕುಳು, ಪಾದಗಳಿಗಷ್ಟೇ ಸ್ವಲ್ಪ ಸೋಪು ಹಚ್ಚಿ.
2. ಬಿಸಿನೀರು ಬೇಡ, ಉಗುರು ಬೆಚ್ಚಗಿನ ನೀರಿರಲಿ.
3. ಉಜ್ಜುವ ಕಲ್ಲು, ನಾರು, ಕಂಬಳಿ ಯಾವುದರಿಂದಲೂ ಉಜ್ಜಬೇಡಿ. ಕೆಲವರಲ್ಲಿ ಉಜ್ಜಿದಲ್ಲೇ ಹೊಸ ದದ್ದು ಏಳುತ್ತದೆ.
4. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಿ.

ಎಚ್ಚರ! ತುಟಿ, ನಾಲಿಗೆ ಊದಿಕೊಂಡರೆ, ಉಸಿರಾಟ ಕಷ್ಟವಾದರೆ ಅಥವಾ ತಲೆಸುತ್ತು ಬಂದರೆ ಸೋಪಿನ ವಿಚಾರ ಬಿಡಿ. ತಕ್ಷಣ ದೊಡ್ಡವರಿಗೆ ತಿಳಿಸಿ, 108ಕ್ಕೆ ಕರೆ ಮಾಡಿಸಿ. ಒಂದು ನಿಮಿಷವೂ ತಡ ಮಾಡಬಾರದು.