ಜೊಳ್ಳು ಅಂಚೆ ಕೇರುವ ಮೊರ



ಈ ಸಲದ ಗೋಡೆ ಪತ್ರಿಕೆಗೆ ಕಂಪ್ಯೂಟರ್ ಬಗ್ಗೆ ಏನಾದರೂ ಬರಿ ಅಂತ ವಿಜ್ಞಾನದ ಮೇಷ್ಟ್ರು ಹೇಳಿದರು. ಕಂಪ್ಯೂಟರಿನ ಚಿತ್ರ ಬರೆದು ಭಾಗಗಳನ್ನು ಹೆಸರಿಸಿದ್ದರೆ ಬೇಗ ಮುಗಿದುಹೋಗುತ್ತಿತ್ತು. ಆದರೆ ಅದನ್ನು ಹೋದ ವರ್ಷದ ಏಳನೇ ತರಗತಿಯವರು ಬಣ್ಣ ಹಾಕಿ ಅಂಟಿಸಿದ್ದಾರೆ. ಆದ್ದರಿಂದ ನಾನು ಕೇಳದೇ ಬರುವ ಇ-ಮೇಲು, ಕೇಳದೇ ಬರುವ ಮೆಸೇಜು, ಅವುಗಳನ್ನು ತಡೆಯುವ ಉಪಾಯ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

"ನಮ್ಮ ಮನೇಲಿ ಇ-ಮೇಲೇ ಇಲ್ಲ, ನಮಗ್ಯಾಕೆ ಇದು?" ಅಂತ ನೀವು ಕೇಳಬಹುದು. ಇದೆ! ಮನೆಯಲ್ಲಿ ಆಂಡ್ರಾಯ್ಡ್ ಫೋನು ಇದ್ದರೆ ಅದರೊಳಗೆ ಒಂದು ಜಿ-ಮೇಲ್ ವಿಳಾಸ ಬಹುತೇಕ ಇದ್ದೇ ಇರುತ್ತದೆ. ಯಾಕಂದ್ರೆ ಗೂಗಲ್ ಖಾತೆ ಇಲ್ಲದೆ ಪ್ಲೇ ಸ್ಟೋರಿನಿಂದ ಏನನ್ನೂ ಇಳಿಸಿಕೊಳ್ಳೋಕೆ ಆಗಲ್ಲ. ಹುಣಸೂರಿನಲ್ಲೋ ಪಿರಿಯಾಪಟ್ಟಣದಲ್ಲೋ ಫೋನು ಕೊಂಡ ದಿನ ಅಂಗಡಿಯ ಹುಡುಗನೇ ಅದನ್ನು ಮಾಡಿಕೊಟ್ಟಿರುತ್ತಾನೆ. ಎಷ್ಟೋ ಮನೆಯವರಿಗೆ ತಮ್ಮ ವಿಳಾಸವೂ ಗೊತ್ತಿಲ್ಲ, ಪಾಸ್‌ವರ್ಡೂ ಗೊತ್ತಿಲ್ಲ. ಬೀಗ ಹಾಕಿ ಊರು ಬಿಟ್ಟವರ ಮನೆಯ ಅಂಚೆ ಡಬ್ಬದ ಹಾಗೆ ಅದು ತುಂಬುತ್ತಲೇ ಇರುತ್ತದೆ. ತೆಗೆದು ನೋಡಿ, ನಗು ಬರುತ್ತೆ.

ಸ್ಪ್ಯಾಮ್ ಎಂಬ ಹೆಸರು

ಬೇಡದ ಅಂಚೆಗೆ ಇಂಗ್ಲಿಷಿನಲ್ಲಿ ಸ್ಪ್ಯಾಮ್ ಎನ್ನುತ್ತಾರೆ. ಅದು ಮೊದಲು ತಿನ್ನುವ ಪದಾರ್ಥದ ಹೆಸರು. 1937ರಲ್ಲಿ ಅಮೆರಿಕದ ಹಾರ್ಮೆಲ್ ಎಂಬ ಕಂಪನಿ ಡಬ್ಬದಲ್ಲಿ ತುಂಬಿದ ಹಂದಿಮಾಂಸವನ್ನು ಈ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. 1970ರಲ್ಲಿ ಮಾಂಟಿ ಪೈಥಾನ್ ಎಂಬ ಇಂಗ್ಲೆಂಡಿನ ಹಾಸ್ಯ ತಂಡದವರು ಟಿ.ವಿ.ಯಲ್ಲಿ ಒಂದು ಹೋಟೆಲಿನ ನಾಟಕ ಆಡಿದರು. ಆ ಹೋಟೆಲಿನಲ್ಲಿ ಏನು ಕೇಳಿದರೂ ಅದರಲ್ಲಿ ಸ್ಪ್ಯಾಮ್. ಪಕ್ಕದಲ್ಲಿ ಕೂತವರು ಸ್ಪ್ಯಾಮ್ ಸ್ಪ್ಯಾಮ್ ಅಂತ ಕೂಗಿ ಕೂಗಿ ಬೇರೆಯವರ ಮಾತೇ ಕೇಳದ ಹಾಗೆ ಮಾಡುತ್ತಾರೆ. ನಮ್ಮ ಕಡೆ ಹೇಳೋದಾದರೆ, ಇಡ್ಲಿ ಕೇಳಿದರೂ ಉಪ್ಸಾರು, ಕಾಫಿ ಕೇಳಿದರೂ ಉಪ್ಸಾರು ಕೊಟ್ಟ ಹಾಗೆ. ಬೇಕಾದ ಕಾಗದ ಕಾಣದಂತೆ ಬೇಡದ್ದು ತುಂಬಿಕೊಂಡಾಗ ಕಂಪ್ಯೂಟರಿನವರು ಇದೇ ಹೆಸರು ಕೊಟ್ಟರು.

ಆದರೆ ಇಂತಹ ಅಂಚೆ ಶುರುವಾದದ್ದು ಹೆಸರು ಬರುವ ಮೊದಲೇ. 1978ರ ಮೇ 3ರಂದು ಗ್ಯಾರಿ ಥುರ್ಕ್ ಎಂಬಾತ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯವರು, ತಮ್ಮ ಹೊಸ ಯಂತ್ರ ನೋಡಲು ಬನ್ನಿ ಎಂದು ಸುಮಾರು 400 ಜನರಿಗೆ ಒಂದೇ ಸಲ ಜಾಹೀರಾತು ಕಳಿಸಿದರು. ಆಗ ಇಂಟರ್‌ನೆಟ್ ಇರಲಿಲ್ಲ, ಅದರ ಅಜ್ಜನಂತಿದ್ದ ಅರ್ಪಾನೆಟ್ ಇತ್ತು. ಬಹಳ ಜನ ಸಿಟ್ಟಾದರು. ಇದನ್ನೇ ಮೊದಲ ಸ್ಪ್ಯಾಮ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ನಾನು ಇದಕ್ಕೆ ಜೊಳ್ಳು ಅಂಚೆ ಎಂದು ಹೆಸರಿಟ್ಟಿದ್ದೇನೆ. ಕೆ.ಆರ್. ನಗರದ ಕಡೆ ಭತ್ತ ಬೆಳೆಯುವವರಿಗೆ ಜೊಳ್ಳು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಹೊರಗೆ ಭತ್ತದ ಹಾಗೇ ಇರುತ್ತೆ, ಒಳಗೆ ಅಕ್ಕಿ ಇರಲ್ಲ.

ಇದು ಯಾಕೆ ನಿಲ್ಲುವುದಿಲ್ಲ?

ಒಂದು ಲೆಕ್ಕ ಮಾಡಿ. ಅಂಚೆ ಕಾರ್ಡಿಗೆ 50 ಪೈಸೆ ಎಂದು ಇಟ್ಟುಕೊಳ್ಳಿ. ಲಕ್ಷ ಜನಕ್ಕೆ ಕಾರ್ಡು ಹಾಕಲು 50,000 ರೂಪಾಯಿ ಬೇಕು. ಬರೆಯೋಕೆ ಕೈ ಬೇರೆ ನೋಯುತ್ತೆ. ತಾತನ ಕಾಲದಲ್ಲಿ "ಈ ಕಾಗದ ಕಂಡವರು ಇದನ್ನೇ ಹತ್ತು ಜನಕ್ಕೆ ಬರೆದು ಹಾಕಿ, ಇಲ್ಲದಿದ್ದರೆ ಕೆಟ್ಟದಾಗುತ್ತದೆ" ಎಂಬ ಕಾರ್ಡುಗಳು ಬರುತ್ತಿದ್ದವಂತೆ. ಅದೂ ಜೊಳ್ಳೇ, ಆದರೆ ಅದಕ್ಕೆ ಕಾಸು ಖರ್ಚಾಗುತ್ತಿತ್ತು. ಇ-ಮೇಲಿಗೆ ಲಕ್ಷ ಕಳಿಸಿದರೂ ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಲಕ್ಷದಲ್ಲಿ 99,999 ಜನ ಎಸೆದು ಒಬ್ಬರು ಮೋಸ ಹೋದರೂ ಕಳಿಸಿದವನಿಗೆ ಲಾಭವೇ. ಅದಕ್ಕೇ "ಯಾರೂ ನಂಬಲ್ಲ, ಆದರೂ ಯಾಕೆ ಕಳಿಸ್ತಾರೆ?" ಎಂಬ ಪ್ರಶ್ನೆಗೆ ಉತ್ತರ ಆ ಒಬ್ಬರು.

ಆ ಒಬ್ಬರು ನಮ್ಮ ಬೀದಿಯವರೇ ಆಗುವುದರಲ್ಲಿದ್ದರು. ಹೊಗೆಸೊಪ್ಪಿನ ಹರಾಜು ನಡೆಯುವ ಕಾಲ. ನಮ್ಮ ದೊಡ್ಡಮ್ಮನ ಮನೆಯ ಬೇಲುಗಳು ಹೋಗಿ ದುಡ್ಡು ಬ್ಯಾಂಕಿಗೆ ಬಿದ್ದಿತ್ತು. ಅದರಲ್ಲಿ ಅಕ್ಕನ ಹಾಸ್ಟೆಲ್ ಫೀಸು, ಬ್ಯಾರನ್ ರಿಪೇರಿ, ಸೊಸೈಟಿ ಸಾಲ ಎಲ್ಲ ತೀರಬೇಕು. ಸಂಜೆ ಫೋನಿಗೆ ಮೆಸೇಜು: ಕರೆಂಟು ಬಿಲ್ಲು ಬಾಕಿ ಇದೆ, ಇವತ್ತು ರಾತ್ರಿ 9:30ಕ್ಕೆ ಲೈನು ಕಟ್, ಕೂಡಲೇ ಈ ನಂಬರಿಗೆ ಫೋನು ಮಾಡಿ. ದೊಡ್ಡಮ್ಮ ಗಾಬರಿಯಾಗಿ ಫೋನು ಹಿಡಿದುಕೊಂಡು, "ಬಾ ಮಗ, ಈ ನಂಬರು ಒತ್ತಿಕೊಡು" ಅಂತ ಅಕ್ಕನನ್ನು ಕರೆದರು. ಅಕ್ಕ ಓದಿ ಹೇಳಿದಳು: "ಅವ್ವ, ನಮ್ಮದು ಗೃಹಜ್ಯೋತಿ. ಬಿಲ್ಲೇ ಸೊನ್ನೆ. ಬಾಕಿ ಎಲ್ಲಿಂದ ಬಂತು?" 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಅವರ ಮನೆಗೆ ಬಂದದ್ದೆಲ್ಲ ಸೊನ್ನೆ ಬಿಲ್ಲು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದಾರೆ. ಅಂಥ ನಂಬರಿಗೆ ಫೋನು ಮಾಡಿದರೆ ಒಂದು ಆ್ಯಪು ಹಾಕಿಸಿ, ಓ.ಟಿ.ಪಿ. ಕೇಳಿ, ಖಾತೆ ಬರಿದು ಮಾಡುತ್ತಾರೆ.

ಮೊರ ಹೇಗೆ ಕೇರುತ್ತದೆ?

ಈಗ ಮುಖ್ಯ ವಿಷಯ. ಇ-ಮೇಲಿನಲ್ಲಿ ಸ್ಪ್ಯಾಮ್ ಎಂಬ ಬೇರೆ ಕಪಾಟು ಇರುತ್ತದೆ. ಜೊಳ್ಳನ್ನು ಕಂಪ್ಯೂಟರೇ ಅಲ್ಲಿಗೆ ಹಾಕುತ್ತದೆ. ಅದಕ್ಕೆ ಕಣ್ಣಿಲ್ಲ, ಓದಿ ಅರ್ಥ ಮಾಡಿಕೊಳ್ಳೋಕೆ ನಮ್ಮ ಹಾಗೆ ಬುದ್ಧಿಯಿಲ್ಲ. ಹಾಗಾದರೆ ಹೇಗೆ ಗೊತ್ತಾಗುತ್ತೆ?

ಮೊದಮೊದಲು ಪದಗಳ ಪಟ್ಟಿ ಕೊಡುತ್ತಿದ್ದರು. "ಬಹುಮಾನ" ಎಂದಿದ್ದರೆ ಎಸೆ, "ಲಾಟರಿ" ಎಂದಿದ್ದರೆ ಎಸೆ. ಕಳ್ಳರು ಬ.ಹು.ಮಾ.ನ ಎಂದು ಚುಕ್ಕಿ ಇಟ್ಟು ಬರೆದರು, ಪಟ್ಟಿ ಸೋತಿತು. ನಮ್ಮ ಶಾಲೆಯ ಪ್ರತಿಭಾ ಕಾರಂಜಿಯ ಬಹುಮಾನದ ಕಾಗದ ಬಂದರೆ ಅದೂ ಎಸೆದುಹೋಗುತ್ತಿತ್ತು! ಆಮೇಲೆ ಎಣಿಕೆಯ ಉಪಾಯ ಬಂತು. 1998ರಲ್ಲೇ ಕೆಲವು ಸಂಶೋಧಕರು ಇದನ್ನು ಬರೆದಿದ್ದರು. 2002ರಲ್ಲಿ ಪಾಲ್ ಗ್ರಹಾಂ ಎಂಬ ಅಮೆರಿಕದ ಪ್ರೋಗ್ರಾಮರ್ ಬರೆದ ಲೇಖನದಿಂದ ಇದು ಎಲ್ಲ ಕಡೆ ಹರಡಿತು. ಇದರ ಬೇರು ಇನ್ನೂ ಹಳೆಯದು. ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕಂಡುಹಿಡಿದ ಸಂಭವನೀಯತೆಯ ಗಣಿತ ಅದು. ಅವರು ಸತ್ತ ಮೇಲೆ 1763ರಲ್ಲಿ ಅಚ್ಚಾಯಿತು. ಪಾಪ, ತಮ್ಮ ಲೆಕ್ಕ ಎಲ್ಲಿಗೆ ಬಂದು ಮುಟ್ಟಿದೆ ಅಂತ ಅವರಿಗೆ ಗೊತ್ತೇ ಇಲ್ಲ.

ಲೆಕ್ಕ ಹೀಗೆ. ಜೊಳ್ಳು ಎಂದು ಗೊತ್ತಿರುವ 100 ಕಾಗದ, ಒಳ್ಳೆಯವು ಎಂದು ಗೊತ್ತಿರುವ 100 ಕಾಗದ ಇವೆ ಎಂದು ಊಹಿಸಿಕೊಳ್ಳಿ. "ಬಹುಮಾನ" ಎಂಬ ಪದ ಜೊಳ್ಳಿನಲ್ಲಿ 40 ಕಡೆ, ಒಳ್ಳೆಯದರಲ್ಲಿ 2 ಕಡೆ ಸಿಕ್ಕಿತು. 40ನ್ನು 42ರಿಂದ ಭಾಗಿಸಿದರೆ 0.95. ಅಂದರೆ ಈ ಪದವಿರುವ ಕಾಗದ ಜೊಳ್ಳಾಗಿರುವ ಸಾಧ್ಯತೆ ನೂರಕ್ಕೆ 95. "ಹರಾಜು" ಎಂಬ ಪದ ಜೊಳ್ಳಿನಲ್ಲಿ 1 ಕಡೆ, ಒಳ್ಳೆಯದರಲ್ಲಿ 30 ಕಡೆ ಸಿಕ್ಕಿತು. 1ನ್ನು 31ರಿಂದ ಭಾಗಿಸಿದರೆ 0.03. ಈಗ ಎರಡು ಪದವೂ ಇರುವ ಒಂದು ಹೊಸ ಕಾಗದ ಬಂತು. ಏನು ಮಾಡೋದು? 0.95 × 0.03 = 0.0285. ಇದು ಜೊಳ್ಳಿನ ತೂಕ. ಉಳಿದ ಭಾಗಗಳನ್ನು ಗುಣಿಸಿದರೆ 0.05 × 0.97 = 0.0485. ಇದು ಕಾಳಿನ ತೂಕ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ: 0.0285 ÷ 0.077 = 0.37. ಅರ್ಧಕ್ಕಿಂತ ಕಡಿಮೆ ಬಂತು, ಆದ್ದರಿಂದ ಕಾಗದ ಒಳಗೆ ಬರಲಿ! ಗಣಿತದ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸಿದಾಗ ದಶಮಾಂಶ ಯಾಕೆ ಕಲೀಬೇಕು ಅಂತ ಗೊತ್ತಾಯಿತು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಏನೆಂದರೆ, ಎಲ್ಲರ ಮೊರವೂ ಒಂದೇ ಅಲ್ಲ. ಹುಣಸೂರು, ಪಿರಿಯಾಪಟ್ಟಣದವರಿಗೆ "ಹರಾಜು", "ಬೇಲು" ಎಂಬುವು ಒಳ್ಳೆಯ ಪದಗಳು. ಕೆ.ಆರ್. ನಗರದವರಿಗೆ "ನಾಲೆ", "ಭತ್ತ". ಹೆಚ್.ಡಿ. ಕೋಟೆಯವರಿಗೆ "ಹತ್ತಿ". ಹರಾಜಿಗೂ ತನಗೂ ಸಂಬಂಧವೇ ಇಲ್ಲದವರ ಪೆಟ್ಟಿಗೆಯಲ್ಲಿ "ಹರಾಜು" ಎಂಬ ಪದ ಜೊಳ್ಳಿನ ಕಡೆಗೇ ತೂಗಬಹುದು. ಎಣಿಸಿದ್ದು ಯಾರ ಕಾಗದಗಳನ್ನು ಎಂಬುದರ ಮೇಲೆ ಮೊರ ನಿಂತಿದೆ. ಈಗಿನ ಮೊರಗಳು ಪದ ಮಾತ್ರ ನೋಡುವುದಿಲ್ಲ. ಯಾವ ಕಂಪ್ಯೂಟರಿನಿಂದ ಬಂತು, ಅದೇ ಕಾಗದ ಎಷ್ಟು ಜನಕ್ಕೆ ಹೋಗಿದೆ, ಎಷ್ಟು ಜನ ಅದನ್ನು ಸ್ಪ್ಯಾಮ್ ಎಂದು ಒತ್ತಿದ್ದಾರೆ, ಎಲ್ಲ ನೋಡುತ್ತವೆ.

ಅದಕ್ಕೇ ಬೇಡದ ಕಾಗದ ಬಂದರೆ ಬರೀ ಅಳಿಸಬೇಡಿ. ಅಳಿಸಿದರೆ ಮೊರಕ್ಕೆ ಏನೂ ತಿಳಿಯುವುದಿಲ್ಲ, ಓದಿ ಆಯ್ತು ಅಂತ ಅಳಿಸಿದರು ಅಂತಲೂ ಆಗಬಹುದು. ಕಾಗದ ತೆರೆದು ಮೇಲೆ ಬಲಗಡೆ ಇರುವ ಮೂರು ಚುಕ್ಕಿ ಒತ್ತಿದರೆ ಸ್ಪ್ಯಾಮ್ ಎಂದು ವರದಿ ಮಾಡುವ ಆಯ್ಕೆ ಬರುತ್ತದೆ. ಅದನ್ನು ಒತ್ತಿ. ಕಳಿಸಿದವರ ಹೆಸರಿನ ಪಕ್ಕದ ಮೂರು ಚುಕ್ಕಿಯಲ್ಲಿ ಅವರೊಬ್ಬರನ್ನೇ ಬ್ಲಾಕ್ ಮಾಡುವ ಆಯ್ಕೆ ಇದೆ. ಆದರೆ ಕಳ್ಳರು ದಿನಕ್ಕೊಂದು ವಿಳಾಸ ಬದಲಾಯಿಸುವುದರಿಂದ ಬ್ಲಾಕಿಗಿಂತ ವರದಿಯೇ ಮೇಲು ಎಂದು ನನ್ನ ಅಭಿಪ್ರಾಯ. ಕೆಳಗೆ "ಇನ್ನು ಮುಂದೆ ಬೇಡವಾದರೆ ಇಲ್ಲಿ ಒತ್ತಿ" ಅಂತಲೂ ಇರುತ್ತದೆ. ಗೊತ್ತಿರುವ ಅಂಗಡಿಯದಾದರೆ ಒತ್ತಬಹುದು. ಗುರುತಿಲ್ಲದವರದಾದರೆ ಬೇಡ. ಒತ್ತಿದರೆ "ಈ ಮನೇಲಿ ಜನ ಇದ್ದಾರೆ" ಅಂತ ಅವರಿಗೆ ಹೇಳಿಕೊಟ್ಟ ಹಾಗೆ.

ನಮ್ಮಜ್ಜಿ ರಾಗಿ ಕೇರಿದ ಮೇಲೆ ಕೆಳಗೆ ಬಿದ್ದ ಹೊಟ್ಟಿನ ಗುಡ್ಡೆಯನ್ನು ಇನ್ನೊಂದು ಸಲ ಕೈಯಾಡಿಸಿ ನೋಡುತ್ತಾರೆ. ಕಾಳು ಇದ್ದೇ ಇರುತ್ತೆ. ಸ್ಪ್ಯಾಮ್ ಕಪಾಟನ್ನೂ ಹಾಗೆ ವಾರಕ್ಕೊಮ್ಮೆ ನೋಡಬೇಕು. ನಮ್ಮ ಮೇಡಂ ಒಬ್ಬರ ತರಬೇತಿಯ ಕಾಗದ ಅದರಲ್ಲಿ ಕೂತಿತ್ತು. ಹೋಗಬೇಕಾದ ದಿನದ ಹಿಂದಿನ ಸಂಜೆ ಸಿಕ್ಕಿತು. ಜಿ-ಮೇಲಿನಲ್ಲಿ ಆ ಕಪಾಟಿನ ಕಾಗದ 30 ದಿನವಾದರೆ ತಾನೇ ಅಳಿಸಿಹೋಗುತ್ತದೆ. ಒಳ್ಳೆಯ ಕಾಗದ ಸಿಕ್ಕಿದರೆ "ಸ್ಪ್ಯಾಮ್ ಅಲ್ಲ" ಎಂಬುದನ್ನು ಒತ್ತಿ, ಮೊರ ಅದನ್ನೂ ಕಲಿಯುತ್ತದೆ.

ಇನ್ನೊಂದು ಮಾತು. ಲಕೋಟೆಯ ಮೇಲೆ "ಇಂದ" ಎಂಬಲ್ಲಿ ಯಾರು ಯಾರ ಹೆಸರನ್ನಾದರೂ ಬರೆಯಬಹುದು, ಅಂಚೆಯಣ್ಣ ಕೇಳುವುದಿಲ್ಲ. ಇ-ಮೇಲೂ ಮೊದಲು ಹಾಗೇ ಇತ್ತು. ಈಗ ಕಳಿಸುವ ಕಂಪ್ಯೂಟರು ಗುಟ್ಟಿನ ಮುದ್ರೆ ಒತ್ತಬೇಕು, ತೆಗೆದುಕೊಳ್ಳುವ ಕಂಪ್ಯೂಟರು ಅದನ್ನು ಪರೀಕ್ಷಿಸುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಕಾಗದ ಕಳಿಸುವವರು ಈ ಮುದ್ರೆ ಹಾಕಲೇಬೇಕೆಂದು ಗೂಗಲ್ 2024ರ ಫೆಬ್ರವರಿಯಿಂದ ನಿಯಮ ಮಾಡಿತು.

ಫೋನಿನ ಮೆಸೇಜಿಗೆ

ನಮ್ಮೂರಿನಲ್ಲಿ ಇ-ಮೇಲಿಗಿಂತ ಮೆಸೇಜು, ಕರೆಗಳ ಕಾಟವೇ ಜಾಸ್ತಿ. ಇದಕ್ಕೆ ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ನಿಯಮಗಳನ್ನು ಮಾಡಿದೆ. 1909 ಎಂಬ ನಂಬರಿಗೆ ಫೋನು ಮಾಡಿ ಜಾಹೀರಾತು ಬೇಡವೆಂದು ಬರೆಸಬಹುದು. ಬರೆಸಿದರೂ ಬ್ಯಾಂಕಿನ ಮೆಸೇಜು, ಓ.ಟಿ.ಪಿ., ಸರ್ಕಾರದ ಮೆಸೇಜು ನಿಲ್ಲುವುದಿಲ್ಲ, ಹೆದರಬೇಡಿ. ಆಮೇಲೂ ಜಾಹೀರಾತು ಬಂದರೆ 7 ದಿನದೊಳಗೆ ಅದೇ 1909ಕ್ಕೆ ದೂರು ಕೊಡಬೇಕು.

ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಅಡ್ಡಗೆರೆ, ಒಂದು ಇಂಗ್ಲಿಷ್ ಅಕ್ಷರ ಇರುವುದನ್ನು ನೋಡಿದ್ದೀರಾ? 2025ರಿಂದ ಅದು ಕಡ್ಡಾಯ. ಪಿ ಎಂದರೆ ಜಾಹೀರಾತು, ಎಸ್ ಎಂದರೆ ಸೇವೆ, ಟಿ ಎಂದರೆ ಹಣದ ವ್ಯವಹಾರ, ಜಿ ಎಂದರೆ ಸರ್ಕಾರ. ದೊಡ್ಡಮ್ಮನಿಗೆ ಬಂದ ಮೆಸೇಜಿನಲ್ಲಿ ಇದ್ಯಾವುದೂ ಇರಲಿಲ್ಲ, ಹತ್ತು ಅಂಕಿಯ ಸಾಮಾನ್ಯ ಮೊಬೈಲ್ ನಂಬರು ಇತ್ತು. ಓದಲು ಬರದ ಹಿರಿಯರಿಗೂ ಈ ವ್ಯತ್ಯಾಸವನ್ನು ತೋರಿಸಿಕೊಡಬಹುದು: ಅಂಕಿ ಮಾತ್ರ ಇದೆಯೋ, ಅಕ್ಷರ ಇದೆಯೋ. ಕರೆಗಳಲ್ಲಿ ಜಾಹೀರಾತಿಗೆ 140ರಿಂದ ಶುರುವಾಗುವ ನಂಬರನ್ನೂ, ಬ್ಯಾಂಕು ಮೊದಲಾದವರ ಸೇವಾ ಕರೆಗೆ 1600ರಿಂದ ಶುರುವಾಗುವ ನಂಬರನ್ನೂ ಗೊತ್ತು ಮಾಡಿದ್ದಾರೆ.

ಆದರೆ ಕಳ್ಳ 1909ರ ಮಾತು ಕೇಳುತ್ತಾನೆಯೇ? ಕೇಳುವುದಿಲ್ಲ. ಅದು ವ್ಯಾಪಾರಿಗಳಿಗೆ ಮಾತ್ರ. ಮೋಸದ ಮೆಸೇಜು ಅನ್ನಿಸಿದರೆ ಸಂಚಾರ ಸಾಥಿ ಎಂಬ ಸರ್ಕಾರಿ ಜಾಲತಾಣದಲ್ಲಿ 2024ರಿಂದ ಚಕ್ಷು ಎಂಬ ವಿಭಾಗ ಇದೆ, ಅಲ್ಲಿ ತಿಳಿಸಬೇಕು. ದುಡ್ಡೇ ಹೋಗಿಬಿಟ್ಟಿದ್ದರೆ 1930ಕ್ಕೆ ಫೋನು ಮಾಡಬೇಕು. ಬೆಳಿಗ್ಗೆ ನೋಡೋಣ ಅನ್ನಬಾರದು. ಕಳ್ಳ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತಾನೆ, ಅದಕ್ಕೆ ಮೊದಲೇ ತಡೆದರೆ ಉಳಿಯುತ್ತದೆ.

ವಿ.ಸೂ.: ನಿಮ್ಮ ಮನೆಯ ಫೋನಿಗೆ ಬಂದ ಕನ್ನಡದ ಜೊಳ್ಳು ಮೆಸೇಜುಗಳನ್ನು ಚೀಟಿಯಲ್ಲಿ ಬರೆದು ತನ್ನಿ. ಒಳ್ಳೆಯ ಮೆಸೇಜುಗಳನ್ನೂ ಅಷ್ಟೇ ತನ್ನಿ. ಓ.ಟಿ.ಪಿ., ಖಾತೆ ನಂಬರು, ಹೆಸರು ಬರೆಯಬೇಡಿ. ನೂರು ನೂರು ಚೀಟಿ ಸೇರಿದರೆ ಶನಿವಾರ ನಾವೇ ಪದಗಳನ್ನು ಎಣಿಸೋಣ. ಚೀಟಿ ಹಾಕಲು ಸೀಮೆಸುಣ್ಣದ ಖಾಲಿ ಡಬ್ಬವನ್ನು ಈ ಹಾಳೆಯ ಕೆಳಗೆ ಇಟ್ಟಿದ್ದೇನೆ.