‘ಡಿಡ್’ ಬಂದ್ರೆಲ್ಲಾ ಪ್ರಶ್ನೆ ಅಲ್ಲ

ಹೊಳಲ್ಕೆರೆಯ ನನ್ನ ರೂಮ್‌ಮೇಟ್ ಟೆನ್ತ್‌ವರೆಗೆ ಕನ್ನಡ ಮೀಡಿಯಂ. ಪ್ಲೇಸ್‌ಮೆಂಟ್ ಟೆಸ್ಟ್‌ಗೆ ಓದ್ತಾ ಒಂದು ವಾಕ್ಯ ತೋರಿಸಿದ: ‘ನಾಟ್ ಅಂಟಿಲ್ 2022 ಡಿಡ್ ದ ಡ್ಯಾಮ್ ಓವರ್‌ಫ್ಲೋ ಅಗೇನ್.’

“ಡಿಡ್ ಇದೆ, ಪ್ರಶ್ನೆ ಅಲ್ವೇನೋ?” ಅಂದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೂ ಕಾರಣ ಗೊತ್ತಿರಲಿಲ್ಲ. ಇಬ್ಬರೂ ಕೂತು ಹುಡುಕಿದ್ವಿ.

ಡ್ಯಾಮ್ ನಮ್ಮದೇ, ಹಿರಿಯೂರಿನ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ‘ನಾಟ್ ಅಂಟಿಲ್ 2022’ ಅಂದ್ರೆ ‘2022 ಬರೋವರೆಗೂ ಇಲ್ಲ’.

ಕನ್ನಡದಲ್ಲಿ ‘ನಾನು ಹೊಸದುರ್ಗಕ್ಕೆ ಹೋದೆ’, ‘ಹೊಸದುರ್ಗಕ್ಕೆ ಹೋದೆ ನಾನು’ ಎರಡೂ ಸರಿ; ‘ಕ್ಕೆ’ ಅನ್ನೋ ಪ್ರತ್ಯಯ ಅರ್ಥ ಕಾಯುತ್ತೆ. ಇಂಗ್ಲಿಷಲ್ಲಿ ಪದ ನಿಂತ ಜಾಗವೇ ಮುಖ್ಯ.

ನಿಯಮ ಇಷ್ಟು: ನೆವರ್, ರೇರ್ಲಿ, ಹಾರ್ಡ್ಲಿ, ನಾಟ್ ಅಂಟಿಲ್ ಥರದ ‘ಇಲ್ಲ’ ಅರ್ಥದ ಪದ ವಾಕ್ಯದ ಶುರುವಿಗೆ ಬಂದ್ರೆ, ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮೊದಲು ಬರುತ್ತೆ. ಅದು ಇಲ್ಲದಿದ್ರೆ ಡು, ಡಸ್, ಡಿಡ್ ತರಬೇಕು. ಆಗ ‘ಓವರ್‌ಫ್ಲೋಡ್’ ಅಲ್ಲ, ಬರೀ ‘ಓವರ್‌ಫ್ಲೋ’.

ಎಚ್ಚರ: ‘ಹಾರ್ಡ್ಲಿ’ ಅಂದ್ರೆ ಕಷ್ಟಪಟ್ಟು ಅಲ್ಲ, ‘ಹೆಚ್ಚುಕಡಿಮೆ ಇಲ್ಲ’.

ಈಗ ನೀವು ಮಾಡಿ: ‘ಐ ಹ್ಯಾವ್ ನೆವರ್ ಸೀನ್ ಚಿತ್ರದುರ್ಗ ಫೋರ್ಟ್.’ ಇದನ್ನ ನೆವರ್‌ನಿಂದ ಶುರುಮಾಡಿ. ಉತ್ತರ: ‘ನೆವರ್ ಹ್ಯಾವ್ ಐ ಸೀನ್ ಚಿತ್ರದುರ್ಗ ಫೋರ್ಟ್.’

“ನಮ್ಮ ಜಿಲ್ಲೆಯವರು ಹೇಳಿದ್ರೆ ಸುಳ್ಳು, ಆದ್ರೆ ಗ್ರಾಮರ್ ಸರಿ” ಅಂದ ರೂಮ್‌ಮೇಟ್.